ಕತ್ತಿಬಾಲದ ಬಾಳಂತನ

ಮೀನು ಹೆರುತ್ತದೆ ಎಂದಾಗ ಆಯಿ ನಂಬಲಿಲ್ಲ. ಎಪ್ಪತ್ತು ವರ್ಷ ಭಟ್ಕಳ ಬಂದರಿನ ಮೀನು ತಿಂದವಳು ನನ್ನ ತಾಯಿ. ಬಂಗಡೆಯ ಹೊಟ್ಟೆ ಸೀಳಿ, ಒಳಗಿನ ಮೊಟ್ಟೆಯ ಗಟ್ಟಿಯನ್ನು ಬೇರೆ ತೆಗೆದಿಟ್ಟು, ನನಗೆಂದೇ ಹುರಿದು ಕೊಟ್ಟವಳು.

"ಮೀನು ಮೊಟ್ಟೆ ಇಡೂದು ಮಗಾ, ಹೆರೂದು ದನ. ನಿನ್ನ ಭಾವ ನಿಂಗೆ ಮಂಗ ಮಾಡಿ ಹೋದ್ರಾ ಹೆಂಗೆ?"

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರು ಆಗಲೇ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರು ಸಾಕಿದ ಆರು ಮೀನುಗಳು ಹಿಂದಿನ ದಿನವಷ್ಟೇ ಕುಮಟಾದಿಂದ ಮುಟ್ಟಳ್ಳಿಯ ನಮ್ಮ ಮನೆಗೆ ಬಂದಿದ್ದವು. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಭಟ್ಕಳ, ಹೊನ್ನಾವರ, ಕುಮಟಾ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಮೀನಿನ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಂದು ಹೆಚ್ಚುಕಡಿಮೆ ಕೂತಲ್ಲಿಂದಲೇ ಟಿಕೆಟ್ ಕೊಟ್ಟಿದ್ದೆ. ಹೊನ್ನಾವರದ ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಹಿಂದಿನ ಸೀಟಿನ ಹೆಂಗಸೊಬ್ಬಳು, "ಮಗೂನ ಹಿಡ್ಕಂಡಂಗೆ ಹಿಡ್ಕಂಡಾರೆ ಕಾಣು" ಎಂದು ಪಕ್ಕದವಳಿಗೆ ತೋರಿಸಿ ನಕ್ಕಳು.

ಭಾವ ಕುಮಟಾದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಜನ ಹೊತ್ತು ನೋಡಲು ಮೊಬೈಲು ತೆಗೆಯುವಂತಾದ ಮೇಲೆ ಅವರ ಕೈಗೆ ಕೆಲಸ ಕಡಿಮೆಯಾಯಿತು. ಸುಮ್ಮನೆ ಕೂರುವ ಕೈಗಳಾಗಿರಲಿಲ್ಲ ಅವು. ಗಾಜಿನ ತೊಟ್ಟಿ ತಂದರು, ಕೆಂಪು ಸ್ವಾರ್ಡ್‌ಟೇಲ್ ಮೀನು ತಂದರು. ಗಂಡಿನ ಬಾಲದ ಕೆಳಗಿನ ಅಂಚು ಖಡ್ಗದಂತೆ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಅದಕ್ಕೇ ಆ ಹೆಸರು. ಭಾವ ಅದನ್ನು ಕನ್ನಡ ಮಾಡಿ ಕತ್ತಿಬಾಲ ಎಂದರು. ಪ್ರತಿ ಸಲ ಮರಿ ದೊಡ್ಡದಾದಾಗ ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡುತ್ತಿದ್ದರು. ಬಾಲ ಗಿಡ್ಡವಿದ್ದದ್ದನ್ನು ಯಾರಿಗಾದರೂ ಕೊಟ್ಟುಬಿಡುವುದು, ಉದ್ದವಿದ್ದದ್ದನ್ನು ಮಾತ್ರ ತಳಿಗೆ ಇಟ್ಟುಕೊಳ್ಳುವುದು. ಹೀಗೆ ಹನ್ನೆರಡು ವರ್ಷ. ಕೊನೆಗೆ ಅವರ ತೊಟ್ಟಿಯಲ್ಲಿದ್ದ ಗಂಡುಗಳಿಗೆ ಮೈಯಷ್ಟೇ ಉದ್ದದ ಬಾಲ, ಅದರ ಅಂಚಿಗೆ ಕಾಡಿಗೆ ಎಳೆದಂತೆ ಕಪ್ಪು ಗೆರೆ. ಅಂಥದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವ ಮೊದಲೇ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ.

ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸುವವರಿದ್ದರು. ಅಕ್ಕನಿಗೆ ಸಿಕ್ಕಿದ್ದು ಮಾಳಿಗೆಯ ಮೇಲಿನ ಒಂದು ಕೋಣೆ. ಅಷ್ಟು ನೀರಿನ ಭಾರ ಮೇಲೆ ಬೇಡ ಎಂದು ಆ ಮನೆಯವರು ಮೊದಲೇ ಹೇಳಿಬಿಟ್ಟಿದ್ದರು. ಅಕ್ಕ ನನ್ನನ್ನು ಕರೆಸಿದಳು. ಎರಡು ಗಂಡು, ನಾಲ್ಕು ಹೆಣ್ಣು, ಉಳಿದವೆಲ್ಲ ಆ ಮೂರು ತಿಂಗಳ ಗಡಿಬಿಡಿಯಲ್ಲಿ ಸತ್ತಿದ್ದವು.

"ಇವು ನಿನ್ನ ಹತ್ರ ಇರ್ಲಿ ತಮ್ಮಾ. ಕೆಳಗಿನ ಮನೆ ಸಿಕ್ಕಿದ ಕೂಡ್ಲೆ ತಕ್ಕಂಡು ಹೋಗ್ತೆ. ಅಂಗಡಿಯಿಂದ ಬಂದವ್ರು ಚಾ ಕುಡಿಯೂಕಿಂತ ಮೊದ್ಲು ಇದ್ರ ಎದ್ರು ಕೂತ್ಕಂತಿದ್ರು. ನಂಗೆ ಅವ್ರ ಫೋಟೋ ಬ್ಯಾಡ, ಗೋಡೆಲಿ ಅದು ಎಂತ ಮಾಡ್ತದೆ? ಇವು ಬೇಕು ನಂಗೆ. ಈ ಬಾಲ ಬೇಕು."

"ನಾನಿದ್ದೆ ಅಲ್ಲ ಅಕ್ಕಾ" ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಹಾಗೆ ನೋಡಿದರೆ ಮೀನು ಸಾಕುವುದು ನನಗೆ ಹೊಸದಾಗಿರಲಿಲ್ಲ. ಹಿಂದಿನ ಜಗುಲಿಯಲ್ಲಿ ನನ್ನ ಹೆಂಡತಿ ಭಟ್ಕಳದ ಅಂಗಡಿಯಿಂದ ತಂದ ಮೀನುಗಳ ಒಂದು ತೊಟ್ಟಿ ಆಗಲೇ ಇತ್ತು. ಗಪ್ಪಿ, ಕರಿ ಮೋಲಿ, ಮತ್ತೆ ಕಿತ್ತಳೆ ಮೈಯ ಮೇಲೆ ಕರಿ ಚುಕ್ಕೆಗಳಿದ್ದ ಹತ್ತು ಹನ್ನೆರಡು ಪ್ಲಾಟಿ. ಎಲ್ಲವೂ ಮರಿ ಹಾಕುವ ಜಾತಿಯವೇ, ಒಟ್ಟಿಗೆ ಹೊಂದಿಕೊಂಡು ಇದ್ದವು. ಅಲ್ಲಿಯವರೆಗೆ ಆಯಿ ಅವುಗಳತ್ತ ಸರಿಯಾಗಿ ಕಣ್ಣು ಹಾಯಿಸಿದವಳಲ್ಲ. ಈ ವಿಷಯ ಭಾವ ನನಗೊಮ್ಮೆ ಹೇಳಿದ್ದುಂಟು. ಕುಮಟಾ ನಿಲ್ದಾಣದಲ್ಲಿ ಬಸ್ಸು ನಿಂತಾಗ ಚಾ ಕುಡಿಯಲು ಬಂದಿದ್ದರು. "ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ, ನಾಕೂ ಹೆರೂ ಜಾತಿ ಮಾರಾಯಾ. ಒಟ್ಟಿಗೆ ಇಡ್ಬಹುದು, ಜಗಳ ಕಮ್ಮಿ. ಆದ್ರೆ ಒಂದು..." ಎನ್ನುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ನಾನು ಗ್ಲಾಸು ಇಟ್ಟು ಓಡಿದೆ. ಆ 'ಆದ್ರೆ'ಯ ಮುಂದೆ ಏನಿತ್ತೆಂದು ಕೇಳಲು ಆಮೇಲೆ ನೆನಪಾಗಲೇ ಇಲ್ಲ. ಅವರೂ ಹೇಳಲಿಲ್ಲ, ವಾರಕ್ಕೆ ನಾಲ್ಕು ದಿನ ಎದುರು ಸಿಗುವ ಮನುಷ್ಯರ ಮಾತಿಗೆ ಅವಸರವೆಲ್ಲಿ?

ಅಕ್ಕನ ಮೀನುಗಳಿಗೆ ಮುಂದಿನ ಜಗುಲಿಯಲ್ಲಿ ಬೇರೆ ತೊಟ್ಟಿ ಇಟ್ಟೆ. ತಿಳಿದು ಮಾಡಿದ್ದಲ್ಲ, ಹಿಂದಿನ ತೊಟ್ಟಿಯಲ್ಲಿ ಜಾಗ ಸಾಲದು ಎಂದು. ಆಯಿ ಕುರ್ಚಿ ಎಳೆದುಕೊಂಡು ಅದರ ಎದುರು ಕೂತಳು. ನಮ್ಮ ಕಡೆ ಕತ್ತಿ ಎಂದರೆ ಸೌದೆ ಕಡಿಯುವ, ಮೂತಿ ಬಾಗಿದ ಕತ್ತಿ. ಅವಳು ತುಂಬಾ ಹೊತ್ತು ನೋಡಿ, "ಇದೆಂತ ಕತ್ತಿ? ದಬ್ಬಣ ಅನ್ನು ಬೇಕಾರೆ" ಎಂದಳು.

ಎರಡು ವಾರ ಕಳೆದ ಮೇಲೆ ಹೆಣ್ಣೊಂದು ಮರಿ ಹಾಕಿತು. ಆಯಿಯ ಕಣ್ಣೆದುರೇ. ಕಾಳುಮೆಣಸಿನಷ್ಟು ಉಂಡೆಯಾಗಿ ಹೊರಬಿದ್ದದ್ದು ನೀರಿನಲ್ಲಿ ಬಿಡಿಸಿಕೊಂಡು, ಎರಡು ಕಣ್ಣಾಗಿ, ಈಜಿತು. ಆಯಿ ಕೈ ಮುಗಿದಳು. ಅವಳ ಕೈ ಇಳಿಯುವುದರೊಳಗೆ ಗಂಡೊಂದು ಬಂದು ಮರಿಯನ್ನು ನುಂಗಿತು. ನಾನು ಡ್ಯೂಟಿ ಮುಗಿಸಿ ಬಂದಾಗ ಅವಳು ಊಟ ಮಾಡದೆ ಕೂತಿದ್ದಳು.

"ಹೆತ್ತಪ್ಪನೇ ತಿಂದ ಮಗಾ. ಒಂದಾದ ಮೇಲೆ ಒಂದು. ನಾ ಗಾಜು ಬಡ್ದೆ, ಬೈದೆ, ಕೇಳ್ಬೇಕಲ್ಲ."

"ಮೀನು ಹಂಗೇ ಆಯಿ. ಹಸಿವು ಅಂತಲ್ಲ, ಕಂಡದ್ದು ತಿಂತದೆ."

"ಬಸ್ರಿನ ಗಂಡನ ಮನೆಲೇ ಇಟ್ಕಂಡು ಕೂತ್ರೆ ಇನ್ನೆಂತ ಆಗ್ತದೆ? ಹೆರಿಗೆಗೆ ತವರಿಗೆ ಕಳ್ಸೂಕೆ ಗೊತ್ತಿಲ್ವಾ ನಿಂಗೆ?"

ನಾನು ನಕ್ಕೆ. "ಇದ್ಕೆ ತವರು ಎಲ್ಲಿಂದ ತರೂದು?"

"ಹಿಂದಿನ ಜಗುಲಿಲಿ ಅದೆ ಅಲ್ಲ! ಆ ಚುಕ್ಕೆ ಮೀನು ನೋಡು, ಈ ಹೆಣ್ಣಿನ ಮುಖ ನೋಡು. ಒಂದೇ ಮೂತಿ, ಒಂದೇ ಕಣ್ಣು. ಅಕ್ಕತಂಗಿ ಕಂಡಂಗೆ ಅದೆ. ಗಂಡಸ್ರೂ ಪಾಪದವು, ದಬ್ಬಣ ಗಿಬ್ಬಣ ಇಲ್ಲ."

ನಿಜಕ್ಕೂ ಹೋಲುತ್ತಿದ್ದವು. ಕತ್ತಿಬಾಲದ ಹೆಣ್ಣಿಗೆ ಕತ್ತಿ ಇರುವುದಿಲ್ಲ, ತುಂಬಿದ ಹೊಟ್ಟೆಯಲ್ಲಿ ಅದು ದೊಡ್ಡ ಪ್ಲಾಟಿಯ ಹಾಗೇ ಕಾಣುತ್ತದೆ. ಆಯಿಯ ಕಣ್ಣು ಸುಳ್ಳು ಹೇಳಿರಲಿಲ್ಲ. ಅವೆರಡೂ ಅಷ್ಟು ಹತ್ತಿರದ ನೆಂಟರಾಗಿದ್ದೇ ತೊಂದರೆಯಾಯಿತು ಎಂದು ಆಗ ಯಾರಿಗೆ ಗೊತ್ತು?

ಮುಂದಿನ ಸಲದಿಂದ ಹೊಟ್ಟೆ ತುಂಬಿದ ಹೆಣ್ಣನ್ನು ಆಯಿಯೇ ಬಲೆಯಲ್ಲಿ ಹಿಡಿದು ಹಿಂದಿನ ಜಗುಲಿಗೆ ಕಳಿಸತೊಡಗಿದಳು. ಮರಿಗಳು ಅಡಗಿಕೊಳ್ಳಲೆಂದು ತೆಂಗಿನ ನಾರಿನ ಉಂಡೆ ಮುಳುಗಿಸಿಟ್ಟಳು. ಗಾಳಿ ತಾಗಬಾರದೆಂದು ತೊಟ್ಟಿಯ ಒಂದು ಬದಿಗೆ ತನ್ನ ಹಳೇ ಸೀರೆ ಹೊದಿಸಿದಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ನುರಿದು ಹಾಕಿದಳು. ಹೆತ್ತ ಮೇಲೆ ಹನ್ನೊಂದು ದಿನ ಹೆಣ್ಣು ಅಲ್ಲೇ ಇರಬೇಕು, ಪುಣ್ಯಾಹ ಆದ ಲೆಕ್ಕದಲ್ಲಿ ಹನ್ನೆರಡನೇ ದಿನ ಗಂಡನ ಮನೆಗೆ. ನನ್ನ ಹೆಂಡತಿ, "ನಂಗೂ ಇಷ್ಟು ಮಾಡ್ಲಿಲ್ಲ ಅತ್ತೆ" ಎಂದು ಕಿಚಾಯಿಸಿದಳು. "ನಿಂಗೆ ನಿನ್ನ ಆಯಿ ಮಾಡಿದ್ಲು. ಇದ್ಕೆ ಯಾರಿದಾರೆ?" ಎಂದು ಆಯಿ ತಿರುಗಿ ಕೇಳಿದಳು.

ಮೊದಲ ಸುತ್ತಿನಲ್ಲೇ ನಾಲ್ಕೂ ಹೆಣ್ಣಿನ ಬಾಳಂತನ ಸೇರಿ ಮೂವತ್ತಕ್ಕೂ ಹೆಚ್ಚು ಮರಿ ಉಳಿದವು. ಆ ಖುಷಿಯಲ್ಲಿ ಆಯಿ ಅವನ್ನು ತಂಬಿಗೆಯಲ್ಲಿ ಹಾಕಿಕೊಂಡು ನೆರೆಮನೆಗಳಿಗೆಲ್ಲ ಹಂಚಿ ಬಂದಳು, ಬಾವಿಗೆ ಬಿಟ್ಟರೆ ಸೊಳ್ಳೆಮರಿ ತಿನ್ನುತ್ತವೆ ಎಂದು. ನಾನೂ ಬೇಡವೆನ್ನಲಿಲ್ಲ. ಇನ್ನು ಬೇಕಾದಷ್ಟು ಬರುತ್ತವಲ್ಲ. ಫೋನಿನಲ್ಲಿ ಅಕ್ಕನಿಗೂ ಹೇಳಿದೆ, ಆಯಿ ಮೀನಿಗೆ ಬಾಳಂತನ ಮಾಡುತ್ತಿದ್ದಾಳೆ, ಬೇರೆ ತೊಟ್ಟಿಯಲ್ಲಿ ಇಡುತ್ತಾಳೆ, ಮೊಟ್ಟೆ ತಿನ್ನಿಸುತ್ತಾಳೆ ಎಂದು. ಭಾವ ಹೋದ ಮೇಲೆ ಅಕ್ಕ ನಕ್ಕದ್ದನ್ನು ನಾನು ಕೇಳಿದ್ದು ಅಂದೇ. ಬೇರೆ ತೊಟ್ಟಿ ಎಂದರೆ ಯಾವ ತೊಟ್ಟಿ ಎಂದು ಅವಳು ಕೇಳಲಿಲ್ಲ.

ಎರಡನೇ ಸುತ್ತಿನ, ಮೂರನೇ ಸುತ್ತಿನ ಮರಿಗಳು ದೊಡ್ಡವಾದವು. ಗಂಡಿನ ಬಾಲ ಬರಲು ಐದಾರು ತಿಂಗಳು ಬೇಕು, ಕೆಲವಕ್ಕೆ ಇನ್ನೂ ತಡ. ಅಷ್ಟರವರೆಗೆ ಎಲ್ಲವೂ ಹೆಣ್ಣಿನಂತೆಯೇ ಇರುತ್ತವೆ. ನಾವು ಕಾದೆವು. ಮೈ ಮಾತ್ರ ಚೆಂದ ಬಂತು, ಕೆಂಪು ಇನ್ನೂ ಗಾಢವಾಗಿ, ಪಕ್ಕೆಯ ಮೇಲೆ ಮಸಿ ಚೆಲ್ಲಿದಂತೆ ದೊಡ್ಡ ದೊಡ್ಡ ಕಪ್ಪು. ಬಂದ ನೆಂಟರೆಲ್ಲ ಹೊಗಳಿದರು. ಆಯಿ, "ನಮ್ಮನೆ ನೀರಿನ ಗುಣ" ಎಂದಳು. ಬಾಲ ಬಂತು, ಗಿಳಿಯ ಕೊಕ್ಕಿನಷ್ಟು. ಇನ್ನೂ ಬೆಳೆಯಬಹುದು ಎಂದು ಒಂದು ತಿಂಗಳು ನೋಡಿದೆ. ಅಲ್ಲಿಗೇ ನಿಂತಿತು.

ಒಂದನ್ನು ನೀರಿನ ಬಾಟಲಿಯಲ್ಲಿ ಹಾಕಿಕೊಂಡು ಭಟ್ಕಳದ ಮೀನಿನ ಅಂಗಡಿಗೆ ಹೋದೆ. ಅಂಗಡಿಯವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಪ್ಲಾಟಿ ಜತೆ ಇಟ್ಟಿದ್ರಾ ಕಂಡಕ್ಟ್ರೇ?"

"ಹೆರಿಗೆಗೆ ಅಂತ ಒಂದಿಷ್ಟು ದಿನ."

"ಎಂತ ಮಾಡಿದ್ರಿ ಮಾರಾಯ್ರೇ! ಗಪ್ಪಿ ಜತೆ ಇಡಿ, ಮೋಲಿ ಜತೆ ಇಡಿ, ತೊಂದ್ರಿಲ್ಲ. ಇವೆರಡು ಮಾತ್ರ ಕೂಡ್ತವೆ, ಮರಿ ಬೆರಕೆ. ಅದ್ರಲ್ಲೂ ಮರಿ ಹಾಕಿದ ಮರುದಿನವೇ ಕೂಡೂದು ಜಾಸ್ತಿ."

"ಈಗ ಬೇರೆ ಮಾಡಿದ್ರೆ?"

"ಮಾಡಿ. ಆದ್ರೆ ಒಂದ್ಸಲ ಕೂಡಿದ ಬೀಜ ಹೊಟ್ಟೇಲೇ ಇರ್ತದೆ. ನಾಕು ತಿಂಗ್ಳು, ಐದು ತಿಂಗ್ಳು ಗಂಡಿಲ್ದೇ ಹೆರ್ತಾ ಇರ್ತದೆ. ಯಾವುದು ಯಾರ ಮರಿ ಅಂತ ಹೆಂಗೆ ಹೇಳ್ತೀರಿ?"

ನಿಲ್ದಾಣದ ಬೆಂಚಿನಲ್ಲಿ ಕೂತೆ, ಬಾಟಲಿ ಕೈಯಲ್ಲಿ. ಮರಿ ಹಾಕಿದ ಮರುದಿನ. ಆಯಿ ಹನ್ನೊಂದು ದಿನ ಇಟ್ಟುಕೊಳ್ಳುತ್ತಿದ್ದಳು. ಭಾವನ ಆ 'ಆದ್ರೆ'ಯ ಮುಂದೆ ಇದ್ದದ್ದು ಇದೇ ಇರಬೇಕು.

ಮನೆಗೆ ಬಂದು ಮೊದಲು ನೆನಪಾದದ್ದು ಬಾವಿಗೆ ಹೋದ ಮೊದಲ ಮರಿಗಳು. ಅವು ಹೊಟ್ಟೆಯಲ್ಲಿದ್ದಾಗಲೇ ತವರಿಗೆ ಬಂದವು, ಹಾಗಾಗಿ ಅವಷ್ಟೇ ಭಾವನ ಅಪ್ಪಟ ತಳಿ. ನೆರೆಮನೆಗಳ ಬಾವಿಗಳಿಗೆಲ್ಲ ಹಗ್ಗ ಕಟ್ಟಿ ಬಲೆ ಇಳಿಸಿ ನೋಡಿದೆ. ನಡುವೆ ಒಂದು ಮಳೆಗಾಲ ಕಳೆದಿತ್ತು. ನಮ್ಮಲ್ಲಿ ಮಳೆಗಾಲದ ಬಾವಿ ಬಾಯಿಯ ತನಕ ತುಂಬಿ, ಗದ್ದೆಗೆ ಹರಿದು, ಗದ್ದೆಯ ನೀರು ಬಾವಿಗೆ ಬರುವಂತಿರುತ್ತದೆ. ಕಪ್ಪೆ ಸಿಕ್ಕಿತು, ಒಂದು ಪ್ಲಾಸ್ಟಿಕ್ ಮಗ್ ಸಿಕ್ಕಿತು.

ಆಮೇಲೆ ಬಸ್ಸಿನ ದಾರಿಯಲ್ಲಿ ಹುಡುಕಿದೆ. ಭಾವ ಮೀನು ಕೊಟ್ಟ ಇಬ್ಬರ ಗುರುತು ನನಗಿತ್ತು, ಗಿಡ್ಡ ಬಾಲದ್ದಾದರೂ ಅದು ಅವರದೇ ತಳಿಯಲ್ಲವೇ. ಹೊನ್ನಾವರದ ಟೈಲರನೊಬ್ಬನ ಮನೆ ಹೊಳೆಬದಿಗೆ, ಬೇಸಿಗೆಯಲ್ಲಿ ಅವನ ಬಾವಿಗೆ ಉಪ್ಪು ಏರುತ್ತದೆ. ಅವನ ತೊಟ್ಟಿಯಲ್ಲಿ ಮೋಲಿಗಳು ಮಾತ್ರ ಗುಂಡಗೆ ಓಡಾಡುತ್ತಿದ್ದವು. "ಇದ್ಕೆ ಉಪ್ಪು ಅಂದ್ರೆ ಹಬ್ಬ. ಅವು ತಡೀಲಿಲ್ಲ" ಎಂದ. ಇನ್ನೊಬ್ಬರು ಭಟ್ಕಳದ ಪೇಟೆಯ ಹಿರಿಯ ಸಾಹೇಬರು. ಕುರ್ಚಿ ಕೊಟ್ಟು ಕೂರಿಸಿ, ನಾನು ಕೇಳುವ ಮೊದಲೇ ಭಾವನ ಸುದ್ದಿ ಎತ್ತಿ ಕಣ್ಣು ಒರೆಸಿಕೊಂಡರು. "ಮೀನು? ಅದು ಎರಡು ವರ್ಷ ಆಯ್ತಲ್ಲ ಭಾಯಿ. ಮೂರು ದಿನ ಕರೆಂಟು ಇಲ್ಲ, ನಾವು ಮದುವೆಗೆ ಹೋಗಿದ್ದು. ನಿಮ್ಮ ಭಾವನಿಗೆ ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಹೇಳ್ತಿದ್ದೆ." ಅವರ ಮುಖ ನೋಡಲಾಗದೆ ಎದ್ದು ಬಂದೆ.

ಉಳಿದದ್ದು ಮುಂದಿನ ಜಗುಲಿಯ ಒಂದು ಮುದಿ ಗಂಡು ಮತ್ತು ಎರಡು ಹೆಣ್ಣು. ಉಳಿದೆರಡು ಹೆಣ್ಣು ಅಷ್ಟರಲ್ಲಾಗಲೇ ಸತ್ತಿದ್ದವು, ಇನ್ನೊಂದು ಗಂಡು ತೊಟ್ಟಿಯಿಂದ ಹಾರಿ ನೆಲದ ಮೇಲೆ ಒಣಗಿತ್ತು. ಏನೋ ನೆಪ ಹೇಳಿ ತವರಿಗೆ ಕಳಿಸುವುದನ್ನು ನಿಲ್ಲಿಸಿದೆ. ಆಮೇಲೂ ಹೆಣ್ಣುಗಳು ಎರಡು ಸಲ ಹೆತ್ತವು, ಎರಡು ಸಲವೂ ಮಸಿಯ ಮರಿಗಳು. ಮೂರನೇ ಸಲ ಹೆರದೆ ಒಂದರ ಹಿಂದೆ ಒಂದು ಸತ್ತವು. ಅಂಗಡಿಯವ ಕೊನೆಯದೊಂದು ದಾರಿ ಹೇಳಿದ. "ಬೆರಕೆ ಹೆಣ್ಣನ್ನೇ ಆ ಹಳೇ ಗಂಡಿನ ಹತ್ರ ಬಿಡಿ. ಹುಟ್ಟಿದ್ರಲ್ಲಿ ಬಾಲ ಉದ್ದ ಇದ್ದದ್ದು ಆರ್ಸಿ. ನಾಕೈದು ತಲೆ ಕಳೆದ್ರೆ ಮೊದ್ಲಿನಂತೆ ಬರಬಹುದು." ಮುದಿ ಗಂಡಿಗೆ ಎರಡನೇ ತಲೆಮಾರು ಕಾಣುವಷ್ಟು ಆಯಸ್ಸಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ. ಆದರೂ ಬಿಟ್ಟೆ.

ಆ ಮರಿಗಳಲ್ಲಿ ಎರಡಕ್ಕೆ ಬಾಲ ಕೊಂಚ ಚಾಚಿಕೊಂಡಿತು. ಅರ್ಧ ಬೆರಳಿನಷ್ಟು. ನಾನು ಬಸ್ಸಿನಿಂದಿಳಿದು ಚಾ ಕುಡಿಯುವ ಮೊದಲು ಅದರೆದುರು ಕೂರುವವನಾಗಿಬಿಟ್ಟೆ. ಆಮೇಲೆ ಆ ಎರಡರ ಬಾಲದ ಬುಡದ ಕಪ್ಪು ದಪ್ಪವಾಗತೊಡಗಿತು. ಮೊದಲು ಚುಕ್ಕೆ, ಆಮೇಲೆ ಗಂಟು. ಗಂಟು ಬೆಳೆದು ಬಾಲವನ್ನು ತಿಂದಿತು. ನೆಟ್ಟಗೆ ಈಜಲಾರದೆ ತಲೆ ಕೆಳಗಾಗಿ ತೇಲುತ್ತಿದ್ದವು. ಔಷಧ ಕೇಳಿದ್ದಕ್ಕೆ ಅಂಗಡಿಯವ, "ಇದು ಸೋಂಕಲ್ಲ, ಇವೆರಡ್ರ ಬೆರಕೇಲಿ ಬರೂದೇ ಹಿಂಗೆ. ಆ ಕರಿ ಚುಕ್ಕೆ ಇವುಗಳ ಮೈಲಿ ಅಂಕೆ ಇಲ್ದೆ ಬೆಳೀತದೆ. ಮದ್ದಿಲ್ಲ" ಎಂದ. ಎಲ್ಲರೂ ಹೊಗಳಿದ ಆ ಮಸಿಯ ಚೆಂದ, ನಾನು ಬೆರಕೆ ಹೆಣ್ಣನ್ನು ಮುದಿ ಗಂಡಿನ ಬಳಿ ಬಿಟ್ಟದ್ದರಿಂದ, ಇನ್ನೂ ಹೆಚ್ಚಿ ರೋಗವಾಗಿತ್ತು. ಮುದಿ ಗಂಡು ಚೈತ್ರದ ಸೆಕೆಯಲ್ಲಿ ಒಂದು ಬೆಳಿಗ್ಗೆ ಮಗ್ಗುಲಾಗಿ ತೇಲುತ್ತಿತ್ತು. ಬಾಲ ಮಾತ್ರ ನೀರಿನಲ್ಲಿ ನೆಟ್ಟಗಿತ್ತು.

ಆಯಿಗೆ ನಾನು ಕಾರಣ ಹೇಳಲಿಲ್ಲ. ಅಕ್ಕನಿಗೆ ಏನೂ ಹೇಳಲಿಲ್ಲ. ಪ್ರತಿ ಫೋನಿನಲ್ಲೂ "ಹೆಂಗಿದಾವೆ?" ಎಂದರೆ "ಇದಾವೆ" ಎಂದೆ. ಸಾಹೇಬರ ಸುಳ್ಳಿಗೆ ಬೇಸರ ಮಾಡಿಕೊಂಡಿದ್ದ ನಾನೇ.

ಮುಂದಿನ ತಿಂಗಳು ಅಕ್ಕನಿಗೆ ಕೆಳಗಿನ ಮನೆ ಸಿಕ್ಕಿತು. ಭಾನುವಾರದ ರೈಲಿಗೆ ಬಂದಳು, ಕೈಯಲ್ಲಿ ಮುಚ್ಚಳದ ಸ್ಟೀಲ್ ಕ್ಯಾನು. ಭಾವನ ತೊಟ್ಟಿಯನ್ನು ತೊಳೆದು, ನೀರು ತುಂಬಿ, ಪಂಪು ಹಾಕಿಟ್ಟು, ನಾಲ್ಕು ದಿನ ನೀರು ಹದವಾಗಲೆಂದು ಬಿಟ್ಟು ಬಂದಿದ್ದಳಂತೆ. ಚಪ್ಪಲಿ ಬಿಡುತ್ತಾ ಅಷ್ಟನ್ನೂ ಹೇಳಿ, ಜಗುಲಿಯ ತೊಟ್ಟಿಯ ಎದುರು ಬಗ್ಗಿದಳು. ಗಿಡ್ಡ ಬಾಲದ, ಮಸಿ ಮೈಯ ಮೀನುಗಳು ಆಹಾರಕ್ಕೆಂದು ಗಾಜಿಗೆ ಮುತ್ತಿಕೊಂಡವು.

"ಇವು ಯಾರದ್ದು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಒಳಗಿನಿಂದ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಎಷ್ಟು ಖುಷಿ ಅವಳ ಮುಖದಲ್ಲಿ! "ನಿನ್ನವೇ ಮಗಳೇ! ಎಲ್ಲಾ ಬಸ್ರಿಗೂ ನಾನೇ ಬಾಳಂತನ ಮಾಡಿದ್ದು. ಹಿಂದಿನ ಚುಕ್ಕೆ ಮೀನಿದ್ದಲ್ಲಿ ತವರು ಮಾಡಿಟ್ಟು, ಹನ್ನೊಂದು ದಿನ ಇಟ್ಕಂಡು, ಒಂದು ಮರಿನೂ ಸಾಯೂಕೆ ಬಿಡ್ಲಿಲ್ಲ."

ಅಕ್ಕ ನನ್ನತ್ತ ತಿರುಗಿದಳು. ಹನ್ನೆರಡು ವರ್ಷ ಆ ಭೂತಗನ್ನಡಿಯ ಪಕ್ಕ ದೀಪ ಹಿಡಿದು ನಿಂತವಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, ಮೆಲ್ಲಗೆ.

"ಹಳೇದು ಒಂದಾದ್ರೂ?"

ಇಲ್ಲ ಎಂದು ತಲೆ ಆಡಿಸಿದೆ.

ಅವಳು ಆಯಿಯ ಕೈ ಹಿಡಿದುಕೊಂಡಳು. "ಚಲೋ ನೋಡ್ಕಂಡೆ ಆಯಿ" ಎಂದಳು. ಕ್ಯಾನಿನ ಮುಚ್ಚಳ ಬಿಗಿ ಮಾಡಿ ಮೂಲೆಗಿಟ್ಟು ಊಟಕ್ಕೆ ಕೂತಳು. ಅನ್ನ ಕಲಸಿದಳು, ತುತ್ತು ಎತ್ತಲಿಲ್ಲ.

ಹೊರಡುವಾಗ ಆಯಿ ಬಿಡಲಿಲ್ಲ. "ಮಗಳು ತವರಿಂದ ಬರಿ ಕ್ಯಾನು ಹಿಡ್ಕಂಡು ಹೋಗೂದಾ? ಮರ್ತೇ ಹೊಂಟ್ಯಾ ಹೆಂಗೆ?" ಎನ್ನುತ್ತಾ ತಾನೇ ಬಲೆ ಹಿಡಿದು, ಹೊಟ್ಟೆ ತುಂಬಿದ ಎರಡು ಹೆಣ್ಣು, ಮೂರು ಗಂಡು ಆರಿಸಿ ಹಾಕಿದಳು. "ಇದು ಎಂಟು ದಿನದಲ್ಲಿ ಹೆರ್ತದೆ ನೋಡು. ನಾರು ಹಾಕಿಡು." ಅಕ್ಕ ಎರಡೂ ಕೈಯಲ್ಲಿ ಕ್ಯಾನು ತೆಗೆದುಕೊಂಡಳು. ರೈಲು ನಿಲ್ದಾಣದವರೆಗೆ ನಾನು ಏನೇನೋ ಹೇಳಿದೆ, ಅಂಗಡಿಯವನ ಮಾತು, ಬಾವಿ, ಹೊನ್ನಾವರ. "ಮೊದ್ಲೇ ಒಂದು ಮಾತು ಹೇಳಿದ್ರೆ ನಾ ಆ ತೊಟ್ಟಿ ತುಂಬ್ತಿರ್ಲಿಲ್ಲ ತಮ್ಮಾ" ಎಂದಳು. ಅಷ್ಟೇ.

ತಿಂಗಳ ಮೇಲೆ ಕುಮಟಾದಲ್ಲಿ ಬಸ್ಸಿಗೆ ಅರ್ಧ ಗಂಟೆ ಬಿಡುವು ಸಿಕ್ಕಾಗ ಅವಳ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಭಾವನ ತೊಟ್ಟಿ, ತುಂಬ ನೀರು, ದೀಪ ಹಾಕಿತ್ತು, ಪಂಪಿನ ಗುಳ್ಳೆಗಳು ಏಳುತ್ತಿದ್ದವು. ಒಳಗೆ ಒಂದೂ ಮೀನಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಪ್ಲಾಸ್ಟಿಕ್ ಟಬ್ಬು ಬೋರಲಾಗಿ ಒಣಗುತ್ತಿತ್ತು.

"ಈ ನೀರಿಗೆ ಅವನ್ನ ಬಿಡೂಕೆ ಕೈ ಬರ್ಲಿಲ್ಲ. ಚೆಲ್ಲೂಕೂ ಬರ್ಲಿಲ್ಲ, ಆಯಿ ಕೊಟ್ಟದ್ದು. ಟಬ್ಬಲ್ಲಿ ಇಟ್ಟಿದ್ದೆ. ಗಂಟಾಗಿ ಹೋದ್ವು, ಐದೂ. ಒಂದೂ ಹೆರ್ಲಿಲ್ಲ."

ಚಾ ಇಡಲು ಒಳಗೆ ಹೊರಟಾಗ ಅವಳ ಫೋನು ರಿಂಗಾಯಿತು. ಆಯಿಯದ್ದೇ. ಕಿವಿ ಮಂದವಾದ ಆಯಿ ಕೂಗಿ ಮಾತಾಡುವುದರಿಂದ ನನಗೂ ಕೇಳುತ್ತಿತ್ತು.

"ಹೆತ್ತಿತನೇ ಮಗಳೇ?"

"ಹೆತ್ತಿತು ಆಯಿ. ನಲವತ್ತು ಮರಿ."

"ಬಾಲ?"

ಅಕ್ಕ ಗುಳ್ಳೆಗಳು ಏಳುತ್ತಿದ್ದ ನೀರನ್ನು ನೋಡುತ್ತಾ ನಿಂತಿದ್ದಳು.

"ಬರ್ತಾ ಅದೆ ಆಯಿ. ಉದ್ದ ಬರ್ತಾ ಅದೆ."